ಬಳಚಿನ ಮರಿ ಎಲ್ಲಿಂದ ತರಬೇಕು?

ಕೋಳಿಗೆ ರೋಗ ಬಂದರೆ ಕುಡಿಯುವ ನೀರಿಗೆ ಔಷಧಿ ಬೆರೆಸಬಹುದು. ಕಡಲಿನ ಮರಳಲ್ಲಿ ಹೂತು ಕೂತ ಬಳಚು ಎಂಬ ಎರಡು ಚಿಪ್ಪಿನ ಜೀವಿಗೆ ಏನು ಕೊಡುತ್ತೀರಿ? ಹಾಕಿದ ಔಷಧಿ ಮುಂದಿನ ಇಳಿತಕ್ಕೆ ಕೊಚ್ಚಿಹೋಗುತ್ತದೆ. ಲಸಿಕೆಯೂ ನಡೆಯದು. ನಮ್ಮ ಹಾಗೆ ಆ್ಯಂಟಿಬಾಡಿ ತಯಾರಿಸುವ ಶಕ್ತಿ ಚಿಪ್ಪುಜೀವಿಗಳಿಗೆ ಇಲ್ಲ. ಹಾಗಾಗಿ ಸಾಕುವವರ ದೊಡ್ಡ ತೀರ್ಮಾನ ಮರಿ ಬಿತ್ತುವ ಮೊದಲೇ ಆಗಬೇಕು.

ಅಮೆರಿಕದ ಪೂರ್ವ ಕರಾವಳಿಯಲ್ಲಿ ಇದು ಚೆನ್ನಾಗಿ ಕಂಡಿತು. 1990ರ ದಶಕದಲ್ಲಿ ಕೇಪ್ ಕಾಡ್ ಸುತ್ತಮುತ್ತ ಸಾಕಿದ ಹಾರ್ಡ್ ಕ್ಲಾಮ್ ಎಂಬ ದಪ್ಪ ಚಿಪ್ಪಿನ ಬಳಚುಗಳು ಸಾಯತೊಡಗಿದವು. 2002ರಲ್ಲಿ ನ್ಯೂಯಾರ್ಕ್ ಪಕ್ಕದ ರಾರಿಟನ್ ಕೊಲ್ಲಿಯಲ್ಲೂ ಅದೇ ಕಥೆ. ಕಾರಣ ಕ್ಯುಪಿಎಕ್ಸ್ ಎಂಬ ಏಕಕೋಶ ಜೀವಿ. ರೋಗ ಬಂದ ಬಳಚನ್ನು ಬಿಡಿಸಿದರೆ ನೀರೆಳೆಯುವ ಕೊಳವೆಯ ಬುಡದಲ್ಲಿ ಹಳದಿ ಗಂಟುಗಳು ಸಿಗುತ್ತವೆ. ಚಿಪ್ಪಿಗೆ ಅಂಟಿದ ಪೊರೆಯ ಅಂಚು ಊದಿರುತ್ತದೆ. ಚಿಪ್ಪು ಸರಿಯಾಗಿ ಮುಚ್ಚದೆ ಒಳಗೆ ಮರಳು ತುಂಬುತ್ತದೆ. ತಿನ್ನುವವರಿಗೆ ಇದರಿಂದ ತೊಂದರೆಯಿಲ್ಲ. ಆದರೆ ಒಂದೂವರೆ, ಎರಡು ವರ್ಷ ಕಾದು, ಇನ್ನೇನು ಮಾರಬೇಕು ಅನ್ನುವ ಹೊತ್ತಿಗೆ ಬೆಳೆ ಸಾಯುವುದು ಎಂಥ ಸಂಕಟ!

ಒಂದೇ ನೀರಲ್ಲಿ ಬೇರೆ ಬೇರೆ ಊರಿನ ಮರಿಗಳನ್ನು ಬೆಳೆಸಿ ನೋಡಿದಾಗ ಗುಟ್ಟು ಹೊರಬಿತ್ತು. ಫ್ಲಾರಿಡಾ, ಸೌತ್ ಕೆರೊಲಿನಾದಂಥ ಬೆಚ್ಚನೆಯ ಕಡೆಯ ತಳಿಗಳು ಉತ್ತರದ ನೀರಲ್ಲಿ ಜಾಸ್ತಿ ಸತ್ತವು. ಅಲ್ಲಿಯದೇ ತಳಿಗಳು ಹೆಚ್ಚು ತಾಳಿಕೊಂಡವು. ಕ್ಯುಪಿಎಕ್ಸ್‌ಗೆ ತಂಪು ನೀರೇ ಅನುಕೂಲ. ಪ್ರಯೋಗಾಲಯದಲ್ಲಿ 13 ಡಿಗ್ರಿಯಲ್ಲಿ ಇಟ್ಟ ಬಳಚುಗಳಲ್ಲಿ ರೋಗ ಬಲಿತರೆ, 27 ಡಿಗ್ರಿಯಲ್ಲಿ ಇಟ್ಟವುಗಳಲ್ಲಿ ಗಾಯ ಮಾಯತೊಡಗಿತ್ತು.

ಈ ಜೀವಿ ಬಳಚಿನ ಹೊರಗೂ, ಕಡಲಕಳೆಯ ಮೇಲೂ ಬದುಕುತ್ತದೆ. ಪೂರ್ತಿ ಅಳಿಸುತ್ತೇನೆ ಅನ್ನುವುದು ಸುಮ್ನೆ ಮಾತು. ಸ್ಥಳೀಯ ಮರಿ ಬಿತ್ತಬೇಕು, ತೀರಾ ಒತ್ತಾಗಿ ಬಿತ್ತಬಾರದು. ಸತ್ತವನ್ನು, ಸಾಯುತ್ತಿರುವವನ್ನು ಆಗಾಗ ತೆಗೆದು ದಡದ ಮೇಲೆ ದೂರ ಹಾಕಬೇಕು, ಮತ್ತೆ ನೀರಿಗೆ ಎಸೆಯಬಾರದು.

ಬಳಚಿಗೆ ರೋಗ ತರುವ ಇನ್ನೊಂದು ಜೀವಿ ಪರ್ಕಿನ್ಸಸ್ ಓಲ್ಸೆನಿ ಕ್ಯುಪಿಎಕ್ಸ್‌ಗೆ ತದ್ವಿರುದ್ಧ, ಅದಕ್ಕೆ ಬಿಸಿ ಬೇಕು. ಕೊರಿಯಾ, ಜಪಾನ್, ಸ್ಪೇನ್‌ನಲ್ಲಿ ಮನಿಲಾ ಎಂಬ ಜಾತಿಯ ಬಳಚುಗಳನ್ನು ಕಾಡಿದ ಪರಾವಲಂಬಿ ಇದು. ಪತ್ತೆಹಚ್ಚುವ ವಿಧಾನ ಮಾತ್ರ ಸರಳ. ಕಿವಿರಿನ ಚೂರನ್ನು ಥಯೋಗ್ಲೈಕೊಲೇಟ್ ದ್ರಾವಣದಲ್ಲಿ ಕತ್ತಲಲ್ಲಿ ಸುಮಾರು ಒಂದು ವಾರ ಇಡುತ್ತಾರೆ. ಪರಾವಲಂಬಿಯ ಕೋಶಗಳು ಊದಿಕೊಳ್ಳುತ್ತವೆ. ಮೇಲೆ ಅಯೋಡಿನ್ ಹಾಕಿದರೆ ಸೂಕ್ಷ್ಮದರ್ಶಕದಡಿ ಕಪ್ಪು-ನೀಲಿ ಗುಂಡುಗಳಾಗಿ ಎದ್ದು ಕಾಣುತ್ತವೆ. 1952ರಿಂದ ಬಳಕೆಯಲ್ಲಿರುವ ಈ ಪರೀಕ್ಷೆ ಇವತ್ತಿಗೂ ಕೆಲಸಕ್ಕೆ ಬರುತ್ತದೆ.

ಈ ಪರಾವಲಂಬಿ ತಮಿಳುನಾಡು ಕರಾವಳಿಯ ಮುತ್ತಿನ ಚಿಪ್ಪುಗಳಲ್ಲೂ ಸಿಕ್ಕಿದೆ. ನಮ್ಮ ಅಘನಾಶಿನಿ ಅಳಿವೆಯಲ್ಲಿ ಬಳಚು ಹೆಕ್ಕಿಯೇ ಸಂಸಾರ ನಡೆಸುವವರಿದ್ದಾರೆ. ಅಲ್ಲಿಗೆ ಹೊರಗಿನ ಮರಿ ತಂದು ಬಿಡುವ ಯೋಜನೆ ಯಾರಾದರೂ ಹಾಕಿದರೆ, ತಾಯಿ ಬಳಚುಗಳಿಗೂ ಮರಿಗಳಿಗೂ ಈ ಅಯೋಡಿನ್ ಪರೀಕ್ಷೆ ಮಾಡಿಸಿದ ಕಾಗದವನ್ನು ಮೊದಲು ಕೇಳಬೇಕು.