ಎರಡು ಲೆಕ್ಕಗಳ ನಡುವಿನ ಗಡಿ

ಭೂಮಿಯ ಹತ್ತಿರದ ಕಕ್ಷೆಯಿಂದ ಮರಳುವ ನೌಕೆ ವಾತಾವರಣಕ್ಕೆ ನುಗ್ಗುವಾಗ ಅದರ ವೇಗ ಸೆಕೆಂಡಿಗೆ ಸುಮಾರು 7.8 ಕಿಲೋಮೀಟರ್. ಮೂತಿಯ ಮುಂದೆ ಗಾಳಿ ಒತ್ತಿಕೊಂಡು ದಟ್ಟವಾಗುತ್ತದೆ. ಬೆನ್ನ ಹಿಂದೆ ತೀರಾ ತೆಳು. ನೌಕೆ ಒಂದೇ, ಗಾಳಿ ಮಾತ್ರ ಎರಡು ಥರ. ಇದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಹೇಗೆ?

ನೆಲಮಟ್ಟದಲ್ಲಿ ಗಾಳಿಯ ಅಣುವೊಂದು ಎರಡು ಡಿಕ್ಕಿಗಳ ನಡುವೆ ಸರಾಸರಿ ಸುಮಾರು 70 ನ್ಯಾನೋಮೀಟರ್ ಸಾಗುತ್ತದೆ. ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲು ಅಷ್ಟೇ! ಡಿಕ್ಕಿಗಳು ಇಷ್ಟು ಪದೇಪದೇ ಆಗುವ ಕಡೆ ಬಿಡಿ ಅಣುಗಳ ಗೊಡವೆ ಬೇಡ. ಗಾಳಿಯನ್ನು ನೀರಿನಂಥ ಹರಿವು ಎಂದುಕೊಂಡು ಹರಿವಿನ ಚಲನೆಯನ್ನು ಹೇಳುವ ನೇವಿಯರ್-ಸ್ಟೋಕ್ಸ್ ಸಮೀಕರಣಗಳನ್ನು ಬಿಡಿಸಿದರೆ ಸಾಕು. ಆದರೆ 100 ಕಿಲೋಮೀಟರ್ ಎತ್ತರದಲ್ಲಿ ಅದೇ ದೂರ 10 ಸೆಂಟಿಮೀಟರ್ ದಾಟುತ್ತದೆ. ಅಲ್ಲಿ ಆ ಸಮೀಕರಣಗಳನ್ನು ಪೂರ್ತಿ ನಂಬುವ ಹಾಗಿಲ್ಲ.

ಅಂಥ ಕಡೆಗೆ ಆಸ್ಟ್ರೇಲಿಯಾದ ವಿಜ್ಞಾನಿ ಗ್ರೇಮ್ ಬರ್ಡ್ 1960ರ ದಶಕದಲ್ಲಿ ಒಂದು ದಾರಿ ತೋರಿಸಿದರು. ಕೋಟ್ಯಂತರ ಅಣುಗಳ ಪರವಾಗಿ ಒಂದೊಂದು ಕಣ ಇಟ್ಟು, ಅವನ್ನು ಓಡಿಸಿ, ಯಾವುದಕ್ಕೆ ಯಾವುದು ಡಿಕ್ಕಿ ಎಂಬುದನ್ನು ಸಂಭವನೀಯತೆಯ ಲೆಕ್ಕದಲ್ಲಿ ಆರಿಸುವುದು. ಇದು ಚೆನ್ನಾಗಿಯೇ ನಡೆಯುತ್ತದೆ. ತೊಂದರೆ ಬರುವುದು ದಟ್ಟ ಗಾಳಿಯಲ್ಲಿ. ಜಾಗವನ್ನು ಡಿಕ್ಕಿಗಳ ನಡುವಿನ ದೂರಕ್ಕಿಂತ ಚಿಕ್ಕ ಚೌಕಗಳಾಗಿ ಕತ್ತರಿಸಬೇಕಾಗುತ್ತದೆ, ಲೆಕ್ಕ ಮುಗಿಯುವುದೇ ಇಲ್ಲ.

ಹಾಗಾದರೆ ದಟ್ಟ ಕಡೆ ಹರಿವು, ತೆಳು ಕಡೆ ಕಣ ಅಂತ ಹಂಚಿಬಿಟ್ಟರಾಯ್ತು, ಅಲ್ವಾ? ನಿಜವಾದ ಕಷ್ಟ ಶುರುವಾಗುವುದೇ ಆಗ. ಗಡಿಯನ್ನು ಹಾಕುವುದೆಲ್ಲಿ? ದಟ್ಟಣೆ ಒಂದನ್ನೇ ನೋಡಿದರೆ ಮೋಸ ಹೋಗುತ್ತೇವೆ. ನೌಕೆಯ ಮುಂದಿನ ಆಘಾತ ತರಂಗವನ್ನೇ, ಅಂದರೆ ಗಾಳಿ ಒಮ್ಮೆಲೇ ಒತ್ತಿಕೊಳ್ಳುವ ತೆಳು ಪದರವನ್ನೇ, ಹತ್ತಿರದಿಂದ ನೋಡಿ. ಅಣು ಕೆಲವೇ ಡಿಕ್ಕಿಗಳಲ್ಲಿ ಅದನ್ನು ದಾಟಿಬಿಡುತ್ತದೆ. ಅಷ್ಟರೊಳಗೆ ವೇಗ, ತಾಪ, ಒತ್ತಡ ಎಲ್ಲವೂ ಬದಲು. ಗಾಳಿ ದಟ್ಟವಾಗಿದ್ದರೂ ಅಲ್ಲಿ ಬೇಕಾದದ್ದು ಕಣಗಳ ಲೆಕ್ಕವೇ. ಹಾಗಾಗಿ ಡಿಕ್ಕಿಗಳ ನಡುವಿನ ದೂರದಲ್ಲಿ ಗಾಳಿಯ ಗುಣ ಎಷ್ಟು ಪಾಲು ಬದಲಾಯಿತು ಎಂದು ಜಾಗಜಾಗಕ್ಕೂ ಅಳೆಯುತ್ತಾರೆ. ಅದು 0.05 ದಾಟಿದ ಕಡೆ ಕಣಗಳಿಗೆ ಬಿಟ್ಟುಕೊಡುವುದು ರೂಢಿ.

ಇನ್ನು ಗಡಿಯಲ್ಲಿ ಕೊಡುಕೊಳ್ಳುವ ಕೆಲಸ. ಹರಿವಿನ ಕಡೆಯಿಂದ ಬರುವುದು ಸರಾಸರಿಗಳು ಮಾತ್ರ. ಅವಕ್ಕೆ ಹೊಂದುವಂತೆ ಒಂದೊಂದು ಕಣಕ್ಕೂ ಬೇರೆಬೇರೆ ವೇಗ ಕೊಟ್ಟು ಆಚೆ ಕಳಿಸಬೇಕು. ಇದು ಆದೀತು. ಕಣಗಳ ಕಡೆಯಿಂದ ವಾಪಸ್ ಬರುವ ಸರಾಸರಿಯದೇ ಜಾಸ್ತಿ ತಲೆನೋವು, ಅದು ಯಾವಾಗಲೂ ನಡುಗುತ್ತಿರುತ್ತದೆ. ನಡುಕವನ್ನು ಹತ್ತರಲ್ಲೊಂದು ಪಾಲಿಗೆ ಇಳಿಸಲು ನೂರು ಪಟ್ಟು ಹೆಚ್ಚು ಕಣಗಳನ್ನು ಎಣಿಸಬೇಕು. ಅದನ್ನು ಹಾಗೇ ದಾಟಿಸಿದರೆ ಆಚೆಯ ಸಮೀಕರಣಗಳು ಅದನ್ನೂ ಗಾಳಿಯ ನಿಜವಾದ ಅಲೆ ಎಂದೇ ಎಣಿಸುತ್ತವೆ. ಅದಕ್ಕೇ ಲೆಕ್ಕದ ಬಹಳ ಹೆಜ್ಜೆಗಳ ಸರಾಸರಿ ತೆಗೆದು ದಾಟಿಸುತ್ತಾರೆ. ಗಡಿಯ ಎರಡೂ ಬದಿಗೆ ಒಂದಿಷ್ಟು ಜಾಗವನ್ನು ಎರಡೂ ಲೆಕ್ಕಗಳಿಗೆ ಸೇರಿದ್ದಾಗಿ ಬಿಟ್ಟಿರುತ್ತಾರೆ. ಲೆಕ್ಕ ಸಾಗಿದಂತೆ ಆಘಾತ ತರಂಗ ತನ್ನ ಜಾಗಕ್ಕೆ ಸರಿಯುತ್ತದೆ, ಅದರ ಜೊತೆಗೆ ಗಡಿಯನ್ನೂ ಮತ್ತೆ ಮತ್ತೆ ಎಳೆಯಬೇಕು.