ಕಂಟ್ರೋಲ್-ಝಡ್ ಒತ್ತಿದ ಪ್ರೋಸೆಸ್ ಕಿಲ್‌ಗೆ ಏಕೆ ಮಣಿಯುವುದಿಲ್ಲ

ಲಿನಕ್ಸಿನಂಥ ವ್ಯವಸ್ಥೆಯಲ್ಲಿ ಕಿಲ್ ಆದೇಶದ ಕೆಲಸ ಪ್ರೋಸೆಸ್ಸಿಗೆ, ಎಂದರೆ ಓಡುತ್ತಿರುವ ಪ್ರೋಗ್ರಾಮಿಗೆ, ಸಿಗ್ನಲ್ ಎಂಬ ಚಿಕ್ಕ ಸೂಚನೆ ಕಳುಹಿಸುವುದು. ಯಾವ ಸಿಗ್ನಲ್ ಎಂದು ಹೇಳದಿದ್ದರೆ 15ನೆಯದಾದ ಸಿಗ್‌ಟರ್ಮ್ ಹೋಗುತ್ತದೆ. ಅದನ್ನು ಪಡೆದ ಪ್ರೋಗ್ರಾಂ ತನ್ನ ಕಡತಗಳನ್ನು ಸರಿಯಾಗಿ ಮುಚ್ಚಿ ಹೊರಬೀಳಬಹುದು, ಬೇಡವೆಂದರೆ ಅಲಕ್ಷಿಸಲೂಬಹುದು. 9ನೆಯ ಸಿಗ್‌ಕಿಲ್ ಅನ್ನು ಹಿಡಿಯಲಾಗಲಿ ತಡೆಯಲಾಗಲಿ ಯಾವ ಪ್ರೋಗ್ರಾಮಿಗೂ ಸಾಧ್ಯವಿಲ್ಲ.

ಇಷ್ಟು ಎಲ್ಲರಿಗೂ ಬೇಗ ಅರ್ಥವಾಗುತ್ತದೆ. ಶಿವಮೊಗ್ಗದ ನಮ್ಮ ಅಭ್ಯಾಸದ ಗುಂಪಿನಲ್ಲಿ ಹೆಚ್ಚು ಹೊತ್ತು ತಿಂದ ಪ್ರಶ್ನೆ ಬೇರೆ. 8080ನೆಯ ಪೋರ್ಟಿನಲ್ಲಿ (ನೆಟ್‌ವರ್ಕ್ ಸಂಪರ್ಕದ ಬಾಗಿಲು) ಓಡುತ್ತಿರುವ ಸರ್ವರ್ ಒಂದಕ್ಕೆ ಕಂಟ್ರೋಲ್-ಝಡ್ ಒತ್ತಿದರೆ ಪರದೆಯಲ್ಲಿ ಆದೇಶ ಬರೆಯುವ ಶೆಲ್ಲಿನ ಸಾಲು ಮರಳುತ್ತದೆ, ಆದರೆ ಅದೇ ಸರ್ವರನ್ನು ಮತ್ತೆ ಆರಂಭಿಸಲು ಹೋದರೆ ಪೋರ್ಟ್ ಬಳಕೆಯಲ್ಲಿದೆ ಎಂಬ ದೂರು ಬರುತ್ತದೆ. ಕಂಟ್ರೋಲ್-ಸಿ ಕಳುಹಿಸುವ ಸಿಗ್‌ಇಂಟ್ ಪ್ರೋಸೆಸ್ಸಿಗೆ ಮುಗಿಯಲು ಹೇಳುತ್ತದೆ. ಕಂಟ್ರೋಲ್-ಝಡ್ ಕಳುಹಿಸುವ ಸಿಗ್‌ಟಿಎಸ್‌ಟಿಪಿ ಅದನ್ನು ಇದ್ದಲ್ಲಿಯೇ ತಡೆಹಿಡಿಯುತ್ತದೆ. ಹಾಗೆ ತಡೆದ ಪ್ರೋಸೆಸ್ ತನ್ನ ಮೆಮೊರಿಯನ್ನಾಗಲಿ ಪೋರ್ಟನ್ನಾಗಲಿ ಬಿಟ್ಟುಕೊಡುವುದಿಲ್ಲ, ಪ್ರೋಸೆಸ್ಸುಗಳನ್ನು ತೋರಿಸುವ ಪಿಎಸ್ ಆದೇಶದ ಪಟ್ಟಿಯಲ್ಲಿ ಸ್ಥಿತಿಯ ಅಂಕಣದಲ್ಲಿ ‘ಟಿ’ ಎಂದು ಕಾಣಿಸಿಕೊಳ್ಳುತ್ತದೆ.

ತೊಡಕು ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ. ಇನ್ನೊಂದು ಟರ್ಮಿನಲ್ಲಿನಿಂದ ಆ ಪ್ರೋಸೆಸ್ಸಿನ ಸಂಖ್ಯೆಗೆ ಸಾದಾ ಕಿಲ್ ಕಳುಹಿಸಿದರೆ ದೋಷ ಸಂದೇಶ ಬರುವುದಿಲ್ಲ, ಪ್ರೋಸೆಸ್ ಕೂಡ ಹೋಗುವುದಿಲ್ಲ. ಮನೆಯವರು ಊರಿನಲ್ಲಿಲ್ಲದಾಗ ಬಾಗಿಲ ಸಂದಿಯಲ್ಲಿ ತೂರಿಸಿಹೋದ ಕಾಗದದಂತೆ, ಸಿಗ್‌ಟರ್ಮ್ ತಲುಪಿದೆ, ಆದರೆ ಓದುವವರಿಲ್ಲ. ತಡೆದ ಪ್ರೋಸೆಸ್ಸನ್ನು ಮುಂದುವರಿಸುವ ಸಿಗ್‌ಕಾಂಟ್ ಅನ್ನು ಕಿಲ್ ಮೂಲಕವೇ ಕಳುಹಿಸಿದ ಕೂಡಲೇ ಪ್ರೋಸೆಸ್ ಎಚ್ಚೆತ್ತು, ಕಾದಿದ್ದ ಸಿಗ್‌ಟರ್ಮ್ ಅನ್ನು ಪಡೆದು ಕ್ರಮವಾಗಿ ಮುಗಿಯುತ್ತದೆ. ತಡೆದ ಸ್ಥಿತಿಯಲ್ಲಿಯೂ ಸಿಗ್‌ಕಿಲ್ ನಾಟುತ್ತದೆ ಎಂಬುದು ನಿಜ. ಆದರೂ ಬರೆಯುತ್ತಿದ್ದ ಕಡತ ಅರ್ಧಕ್ಕೆ ನಿಲ್ಲಬಹುದಾದ್ದರಿಂದ ಮೊದಲು ಸಿಗ್‌ಕಾಂಟ್ ಪ್ರಯತ್ನಿಸುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ದೂರದ ಸರ್ವರಿಗೆ ಎಸ್‌ಎಸ್‌ಎಚ್ (ದೂರದ ಯಂತ್ರದ ಟರ್ಮಿನಲ್ ತೆರೆಯುವ ಸಾಧನ) ಮೂಲಕ ಸೇರುವವರಿಗೆ ಇನ್ನೊಂದು ಮಾತು. ಸಂಪರ್ಕ ಕಡಿದ ಸಂಗತಿ ಸರ್ವರಿಗೆ ತಕ್ಷಣ ತಿಳಿಯುವುದಿಲ್ಲ. ತಿಳಿದು ಟರ್ಮಿನಲ್ ಮುಚ್ಚಿದ ಮೇಲಷ್ಟೇ ಸಾಮಾನ್ಯವಾಗಿ ಪ್ರೋಸೆಸ್ಸನ್ನು ಮುಗಿಸುವ 1ನೆಯ ಸಿಗ್ನಲ್ಲಾದ ಸಿಗ್‌ಹಪ್ ಹೋಗುತ್ತದೆ. ಆದ್ದರಿಂದ ಮತ್ತೆ ಒಳಹೊಕ್ಕಾಗ ಹಳೆಯ ಪ್ರೋಸೆಸ್ ಇನ್ನೂ ಓಡುತ್ತಿದ್ದರೆ ಆಶ್ಚರ್ಯಪಡಬೇಕಿಲ್ಲ. ಓಡುತ್ತಲೇ ಇರಬೇಕಾದ ಕೆಲಸವನ್ನು, ಸಿಗ್‌ಹಪ್ ಅನ್ನು ಅಲಕ್ಷಿಸುವಂತೆ ಮಾಡುವ ನೋಹಪ್ ಆದೇಶದ ಜೊತೆ ಆರಂಭಿಸಬಹುದು.

ಸಿಗ್‌ಕಿಲ್‌ಗೂ ಜಗ್ಗದ ಸ್ಥಿತಿಗಳು ಎರಡಿವೆ. ‘ಝಡ್’ ಸ್ಥಿತಿಯದು ಆಗಲೇ ಸತ್ತಿದೆ, ಅದನ್ನು ಹುಟ್ಟಿಸಿದ ಪೋಷಕ ಪ್ರೋಸೆಸ್ ಅದು ಮುಗಿದ ಲೆಕ್ಕ ಪಡೆಯುವವರೆಗೆ ಪಟ್ಟಿಯಲ್ಲಿ ಹೆಸರು ಮಾತ್ರ ಉಳಿದಿರುತ್ತದೆ. ‘ಡಿ’ ಸ್ಥಿತಿಯದು ಸಾಮಾನ್ಯವಾಗಿ ಡಿಸ್ಕ್ ಅಥವಾ ನೆಟ್‌ವರ್ಕ್ ಕಡತವ್ಯವಸ್ಥೆಯ ಉತ್ತರಕ್ಕಾಗಿ ವ್ಯವಸ್ಥೆಯ ತಿರುಳಾದ ಕರ್ನಲ್ಲಿನೊಳಗೆ ಕಾಯುತ್ತಿರುತ್ತದೆ.

ಹೆಸರು ಹಿಡಿದು ಕೊಲ್ಲುವ ಪಿಕಿಲ್ ಬಳಸುವ ಮೊದಲು ಅದೇ ಹೆಸರನ್ನು, ಹೊಂದುವ ಪ್ರೋಸೆಸ್ಸುಗಳನ್ನು ಹುಡುಕಿ ತೋರಿಸುವ ಪಿಗ್ರೆಪ್‌ಗೆ ಕೊಟ್ಟು ಪಟ್ಟಿ ನೋಡಿಕೊಳ್ಳಬೇಕು, ಏಕೆಂದರೆ ಹೆಸರಿನ ಒಂದು ತುಣುಕು ಹೊಂದಿದರೂ ಪಿಕಿಲ್ ಬಿಡುವುದಿಲ್ಲ. ಇಂಥದೇ ಇನ್ನೊಂದು ಆದೇಶವಾದ ಕಿಲ್‌ಆಲ್ ಲಿನಕ್ಸಿನಲ್ಲಿ ಹೆಸರಿನ ಪ್ರಕಾರ ನಡೆದುಕೊಳ್ಳುತ್ತದೆ. ಯುನಿಕ್ಸ್ ಬಗೆಯ ಇನ್ನೊಂದು ವ್ಯವಸ್ಥೆಯಾದ ಸೋಲಾರಿಸ್‌ನಲ್ಲಿ ಅದೇ ಆದೇಶ ಯಂತ್ರವನ್ನು ಮುಚ್ಚುವಾಗ ಎಲ್ಲ ಸಕ್ರಿಯ ಪ್ರೋಸೆಸ್ಸುಗಳನ್ನೂ ಮುಗಿಸಲು ಇರುವಂಥದ್ದು.