ಮೀಟರ್ ಬೋರ್ಡಿನಿಂದ ಹಾಳೆಯವರೆಗೆ: ಮುದ್ರಣ ಓದುವವರಿಗೆ ಒಂದಿಷ್ಟು ಎಲೆಕ್ಟ್ರಿಕಲ್, ಒಂದಿಷ್ಟು ಮೆಕ್ಯಾನಿಕಲ್

ಪ್ರಿಂಟಿಂಗ್ ಡಿಪ್ಲೊಮಾ ಓದುವವರಿಗೆ ಎಲೆಕ್ಟ್ರಿಕಲ್-ಮೆಕ್ಯಾನಿಕಲ್ ಅಂದರೆ ಹೇಗೋ ಪಾಸಾದರೆ ಸಾಕು ಅನ್ನುವ ಪೇಪರ್. ಸೂತ್ರ ಬಾಯಿಪಾಠ ಮಾಡುತ್ತೇವೆ, ಬರೆಯುತ್ತೇವೆ, ಮರೆಯುತ್ತೇವೆ. ಆದರೆ ಆಫ್‌ಸೆಟ್ ಮಷೀನಿನ ಹಾಳೆಯಲ್ಲಿ ಕಾಣುವ ಎಷ್ಟೋ ತೊಂದರೆಗಳ ಮೂಲ ಇಂಕಿನಲ್ಲೂ ಇರುವುದಿಲ್ಲ, ಪ್ಲೇಟಿನಲ್ಲೂ ಇರುವುದಿಲ್ಲ. ಅದು ಮೋಟರು, ಬೆಲ್ಟು, ಗೇರುಗಳಲ್ಲಿ ಇರುತ್ತದೆ. ಅದಕ್ಕೇ ಇಲ್ಲಿ ಅಧ್ಯಾಯಗಳ ಕ್ರಮ ಬಿಟ್ಟು, ಕರೆಂಟು ಮೀಟರ್ ಬೋರ್ಡಿನಿಂದ ಹೊರಟು ಹಾಳೆ ತಲುಪುವ ದಾರಿ ಹಿಡಿಯೋಣ. ಅಂಕಿಗಳನ್ನು ಲೆಕ್ಕಕ್ಕೆ ಅನುಕೂಲವಾಗುವಂತೆ ನಾನೇ ಹೊಂದಿಸಿಕೊಂಡಿದ್ದೇನೆ. ಗಂಟೆಗೆ 8,000 ಹಾಳೆ ಅಚ್ಚು ಹಾಕುವ ಒಂದು ಸಿಂಗಲ್ ಕಲರ್ ಮಷೀನು, ಅದಕ್ಕೆ 5 ಎಚ್‌ಪಿ ಮೋಟರು ಅಂತ ಇಟ್ಟುಕೊಳ್ಳಿ.

ಮೂರು ಫೇಸ್, ಒಂದು ಮೋಟರು

ಮನೆಯ ಪ್ಲಗ್ಗಿನಲ್ಲಿ ಬರುವುದು 230 ವೋಲ್ಟ್. ಅದು ಒಂದು ಫೇಸಿಗೂ ನ್ಯೂಟ್ರಲ್ಲಿಗೂ ನಡುವಿನ ವೋಲ್ಟೇಜು. ಎರಡು ಫೇಸುಗಳ ನಡುವೆ ಅಳೆದರೆ ಅದರ 1.732 ಪಟ್ಟು, ಅಂದರೆ ಸುಮಾರು 400 ವೋಲ್ಟ್ ಸಿಗುತ್ತದೆ. ಮೋಟರಿನ ನೇಮ್‌ಪ್ಲೇಟಿನಲ್ಲಿ ಹೆಚ್ಚಾಗಿ 415 ಅಂತ ಬರೆದಿರುತ್ತದೆ. ನಮ್ಮ ದೇಶದಲ್ಲಿ ಫ್ರೀಕ್ವೆನ್ಸಿ 50 ಹರ್ಟ್ಸ್.

ಮೋಟರಿನ ವೇಗ ನಿರ್ಧಾರವಾಗುವುದು ಈ 50ರಿಂದಲೇ. 120ನ್ನು ಫ್ರೀಕ್ವೆನ್ಸಿಯಿಂದ ಗುಣಿಸಿ, ಪೋಲುಗಳ (ಮೋಟರಿನೊಳಗಿನ ಕಾಂತಧ್ರುವಗಳ) ಸಂಖ್ಯೆಯಿಂದ ಭಾಗಿಸಿ. ನಾಲ್ಕು ಪೋಲಿನ ಮೋಟರಿಗೆ 1500 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಬರುತ್ತದೆ. ಆದರೆ ಪ್ಲೇಟಿನಲ್ಲಿ ಇರುವುದು 1440ರ ಆಸುಪಾಸು. ಯಾಕೆ? ಒಳಗಿನ ಕಾಂತಕ್ಷೇತ್ರ 1500ರಲ್ಲೇ ಸುತ್ತುತ್ತದೆ. ರೋಟರೂ (ಒಳಗೆ ತಿರುಗುವ ಭಾಗ) ಅಷ್ಟೇ ವೇಗದಲ್ಲಿ ಸುತ್ತಿದರೆ ಅದರಲ್ಲಿ ಕರೆಂಟು ಹುಟ್ಟುವುದೇ ಇಲ್ಲ. ಕರೆಂಟಿಲ್ಲದಿದ್ದರೆ ತಿರುಗಿಸುವ ಬಲವೂ ಇಲ್ಲ. ಹಾಗಾಗಿ ರೋಟರು ಸ್ವಲ್ಪ ಹಿಂದೆ ಬೀಳಲೇಬೇಕು. ಇದೇ ಸ್ಲಿಪ್. ಇಲ್ಲಿ 1500ಕ್ಕೆ 60 ಕಡಿಮೆ, ಅಂದರೆ ಶೇಕಡಾ 4. ಲೋಡು ಜಾಸ್ತಿಯಾದರೆ ಸ್ಲಿಪ್ಪೂ ಜಾಸ್ತಿ.

5 ಎಚ್‌ಪಿ ಅಂದರೆ 3.73 ಕಿಲೋವಾಟ್. ಎಫಿಶಿಯೆನ್ಸಿ 0.85, ಪವರ್ ಫ್ಯಾಕ್ಟರ್ 0.82 ಹಿಡಿದರೆ ಪೂರ್ತಿ ಲೋಡಿನಲ್ಲಿ ಸುಮಾರು 7.5 ಆಂಪಿಯರ್ ಎಳೆಯುತ್ತದೆ. ಶುರುವಾಗುವ ಕ್ಷಣದಲ್ಲಿ ಮಾತ್ರ ಇದರ ಆರೇಳು ಪಟ್ಟು. ದೊಡ್ಡ ಮೋಟರುಗಳಿಗೆ ಸ್ಟಾರ್-ಡೆಲ್ಟಾ ಸ್ಟಾರ್ಟರ್ (ವೈಂಡಿಂಗನ್ನು ಮೊದಲು ಸ್ಟಾರ್, ವೇಗ ಬಂದ ಮೇಲೆ ಡೆಲ್ಟಾ ಜೋಡಣೆಗೆ ಬದಲಿಸುವ ಸ್ವಿಚ್) ಹಾಕುವುದು ಇದಕ್ಕೇ. ಸ್ಟಾರಿನಲ್ಲಿ ಲೈನಿನಿಂದ ಎಳೆಯುವ ಕರೆಂಟು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಟಾರ್ಕೂ (ತಿರುಗಿಸುವ ಬಲ) ಅಷ್ಟೇ ಇಳಿಯುತ್ತದೆ ಅನ್ನುವುದನ್ನು ಬರೆಯಲು ಬಹಳ ಜನ ಮರೆಯುತ್ತಾರೆ, ಅಲ್ಲೇ ಅಂಕ ಹೋಗುತ್ತದೆ.

ಪ್ರೆಸ್ಸಿನಲ್ಲಿ ನಿಜವಾಗಿ ಮೋಟರು ಸುಡುವುದು ಸಿಂಗಲ್ ಫೇಸಿಂಗಿನಿಂದ. ಮೂರರಲ್ಲಿ ಒಂದು ಫೇಸ್ ಹೋಯಿತು ಅಂದುಕೊಳ್ಳಿ. ನಿಂತಿರುವ ಮೋಟರಾದರೆ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಓಡುತ್ತಿರುವ ಮೋಟರಾದರೆ ಓಡುತ್ತಲೇ ಇರುತ್ತದೆ, ಅದೇ ಅಪಾಯ. ಅದೇ ಲೋಡನ್ನು ಎಳೆಯಲು ಉಳಿದೆರಡು ಲೈನುಗಳಲ್ಲಿ ಕರೆಂಟು ಸುಮಾರು 1.7 ಪಟ್ಟಾಗುತ್ತದೆ. ವೈಂಡಿಂಗು ಬಿಸಿಯೇರುತ್ತದೆ, ವಾಸನೆ ಬರುವ ಹೊತ್ತಿಗೆ ತಡವಾಗಿರುತ್ತದೆ. ಕರೆಂಟು ಮಿತಿ ಮೀರಿದರೆ ಮೋಟರನ್ನು ನಿಲ್ಲಿಸುವ ಓವರ್‌ಲೋಡ್ ರಿಲೇಯನ್ನು ಮೋಟರಿನ ಪ್ಲೇಟಿನ ಆಂಪಿಯರಿಗೇ ಸೆಟ್ ಮಾಡಿರಬೇಕು. "ಪದೇ ಪದೇ ಟ್ರಿಪ್ ಆಗುತ್ತೆ" ಅಂತ ಅದನ್ನು ತಿರುಗಿಸಿ ಏರಿಸುವವರಿದ್ದಾರೆ, ಹಾಗೆ ಮಾಡಬೇಡಿ. ರಿಪೇರಿಯಾದ ಮೇಲೆ ಮೋಟರು ಉಲ್ಟಾ ತಿರುಗಿದರೆ ಗಾಬರಿ ಬೇಡ, ಯಾವುದಾದರೂ ಎರಡು ಫೇಸುಗಳನ್ನು ಅದಲು ಬದಲು ಮಾಡಿದರೆ ಸರಿಹೋಗುತ್ತದೆ.

ಕೆಂಪು ಬಟನ್ನಿನ ಬಗ್ಗೆ ಒಂದು ಮಾತು. ಸ್ಟಾಪ್ ಬಟನ್ನಿನ ಕಾಂಟ್ಯಾಕ್ಟು ಸದಾ ಕೂಡಿರುತ್ತದೆ, ಒತ್ತಿದಾಗ ಬಿಡಿಸಿಕೊಳ್ಳುತ್ತದೆ. ಆದ್ದರಿಂದ ಅದರ ವೈರು ಎಲ್ಲಾದರೂ ಕತ್ತರಿಸಿದರೂ ಮಷೀನು ನಿಲ್ಲುತ್ತದೆ. ಹಸಿರು ಬಟನ್ ಒತ್ತಿ ಕೈ ತೆಗೆದ ಮೇಲೂ ಮಷೀನು ಓಡುವುದು ಕಾಂಟ್ಯಾಕ್ಟರಿನದೇ (ಮೋಟರಿಗೆ ಕರೆಂಟು ಕೊಡುವ ವಿದ್ಯುತ್ಕಾಂತದ ಸ್ವಿಚ್) ಒಂದು ಹೋಲ್ಡಿಂಗ್ ಕಾಂಟ್ಯಾಕ್ಟಿನಿಂದ. ಕರೆಂಟು ಹೋದರೆ ಅದು ಬಿಟ್ಟುಕೊಳ್ಳುತ್ತದೆ. ಮತ್ತೆ ಕರೆಂಟು ಬಂದಾಗ ಯಾರಾದರೂ ಹಸಿರು ಬಟನ್ ಒತ್ತುವವರೆಗೆ ಮಷೀನು ಸುಮ್ಮನಿರುತ್ತದೆ. ದಿನಕ್ಕೆ ಹತ್ತು ಸಲ ಕರೆಂಟು ಹೋಗಿ ಬರುವ ಊರಲ್ಲಿ, ರೋಲರ್ ಒರೆಸುತ್ತಾ ಕೂತವರ ಬೆರಳು ಉಳಿಸುವುದು ಈ ಸಣ್ಣ ಏರ್ಪಾಡೇ.

ಈಗಿನ ಮಷೀನುಗಳಲ್ಲಿ ವೇಗ ಏರಿಳಿಸಲು ವಿಎಫ್‌ಡಿ (ಫ್ರೀಕ್ವೆನ್ಸಿ ಬದಲಿಸುವ ಸಾಧನ) ಇರುತ್ತದೆ. ಫ್ರೀಕ್ವೆನ್ಸಿ ಇಳಿಸಿದ ಹಾಗೆ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸುತ್ತದೆ. 50 ಹರ್ಟ್ಸಿಗೆ 415 ಆದರೆ 25ಕ್ಕೆ ಸುಮಾರು 207. ತೀರಾ ನಿಧಾನವಾಗಿ ಬಹಳ ಹೊತ್ತು ಓಡಿಸಿದರೆ ಮೋಟರು ಬಿಸಿಯಾಗಬಹುದು, ಯಾಕೆಂದರೆ ಅದನ್ನು ತಣ್ಣಗಿಡುವ ಫ್ಯಾನು ಅದರ ಶಾಫ್ಟಿಗೇ ಕೂತಿದೆ.

ಅರ್ತಿಂಗ್ ವಿಷಯ ಚಿಕ್ಕದಾಗಿ: ಮೂರು ಫೇಸಿನ ಮೋಟರಿನ ಮೈಗೆ ಎರಡು ಪ್ರತ್ಯೇಕ ಅರ್ತ್ ವೈರು ಇರಬೇಕು. ನ್ಯೂಟ್ರಲ್ಲೇ ಅರ್ತ್ ಅಂತ ತಿಳಿಯಬೇಡಿ.

1440ರಿಂದ 133ಕ್ಕೆ

ಗಂಟೆಗೆ 8,000 ಹಾಳೆ, ಸಿಲಿಂಡರಿನ ಒಂದು ಸುತ್ತಿಗೆ ಒಂದು ಹಾಳೆ. ಹಾಗಾದರೆ ನಿಮಿಷಕ್ಕೆ 133 ಸುತ್ತು ಬೇಕು. ಮೋಟರು ಕೊಡುವುದು 1440. ಈ ವ್ಯತ್ಯಾಸ ಇಳಿಸುವ ಕೆಲಸ ಬೆಲ್ಟು ಮತ್ತು ಗೇರಿನದು.

ಮೋಟರಿನ ಪುಲ್ಲಿ 100 ಮಿ.ಮೀ., ಎದುರಿನದು 300 ಮಿ.ಮೀ. ಆದರೆ ವೇಗ ಮೂರನೇ ಒಂದಾಗಿ 480ಕ್ಕೆ ಇಳಿಯುತ್ತದೆ. ಆ ಶಾಫ್ಟಿನ ಮೇಲೆ 20 ಹಲ್ಲಿನ ಪಿನಿಯನ್ (ಚಿಕ್ಕ ಗೇರು), ಅದಕ್ಕೆ ಸಿಲಿಂಡರಿನ 72 ಹಲ್ಲಿನ ಗೇರು ಕೂಡಿದರೆ, 480ನ್ನು 20ರಿಂದ ಗುಣಿಸಿ 72ರಿಂದ ಭಾಗಿಸಿ. 133 ಸಿಕ್ಕಿತು, ಅಲ್ವಾ?

ವೇಗ ಕಳೆದುಕೊಂಡಿದ್ದಕ್ಕೆ ಬದಲಾಗಿ ಟಾರ್ಕ್ ಸಿಗುತ್ತದೆ. ಕಿಲೋವಾಟನ್ನು 9550ರಿಂದ ಗುಣಿಸಿ ಆರ್‌ಪಿಎಂನಿಂದ ಭಾಗಿಸಿದರೆ ಮೋಟರಿನಲ್ಲಿ ಸುಮಾರು 25 ನ್ಯೂಟನ್ ಮೀಟರ್. ಸಿಲಿಂಡರಿನಲ್ಲಿ, ಉಜ್ಜಾಟದ ನಷ್ಟ ಬಿಟ್ಟರೆ, 267. ಬ್ಲಾಂಕೆಟ್ಟಿಗೂ (ಪ್ಲೇಟಿನಿಂದ ಇಂಕು ಪಡೆದು ಹಾಳೆಗೆ ದಾಟಿಸುವ ರಬ್ಬರ್ ಹೊದಿಕೆ) ಇಂಪ್ರೆಶನ್ ಸಿಲಿಂಡರಿಗೂ (ಹಾಳೆಯನ್ನು ಅದಕ್ಕೆ ಒತ್ತುವ ಸಿಲಿಂಡರು) ನಡುವೆ ಹಾಳೆಯನ್ನು ಹಿಂಡಿ ಎಳೆಯುವುದಕ್ಕೆ ಇದೇ ಬೇಕಾದದ್ದು.

ವಿ-ಬೆಲ್ಟಿನ ಹಿಡಿತ ಪಕ್ಕಗಳಲ್ಲಿ, ತಳದಲ್ಲಲ್ಲ. ಪುಲ್ಲಿಯ ತೋಡಿನ ತಳ ಹೊಳೆಯುತ್ತಿದ್ದರೆ ಬೆಲ್ಟು ಸವೆದು ಕೆಳಗೆ ಕೂತಿದೆ ಅಂತಲೇ ಅರ್ಥ. ಎರಡು ಮೂರು ಬೆಲ್ಟು ಜೊತೆಗಿದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಒಂದೇ ಹೊಸದು ಹಾಕಿದರೆ ಭಾರವೆಲ್ಲ ಅದರ ಮೇಲೇ ಬೀಳುತ್ತದೆ.

ಹಾಳೆಯ ಮೇಲೆ ಗೇರಿನ ಹಲ್ಲು

ಈ ವಿಷಯದಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು. ಶೇಕಡಾ 40ರ ಸುತ್ತಿನ ಹಾಫ್‌ಟೋನ್ ಟಿಂಟನ್ನು (ಸಣ್ಣ ಚುಕ್ಕೆಗಳಿಂದಾದ ಸಮ ಛಾಯೆ) ಹಾಳೆ ತುಂಬ ಅಚ್ಚು ಹಾಕಿ ನೋಡಿ. ಕೆಲವೊಮ್ಮೆ ಅಡ್ಡಡ್ಡವಾಗಿ, ಸಿಲಿಂಡರಿನ ಉದ್ದಕ್ಕೆ ಸಮಾನಾಂತರವಾಗಿ, ತೆಳು ಗೆರೆಗಳು ಕಾಣುತ್ತವೆ. ಒಂದು ಕಪ್ಪು, ಒಂದು ಬಿಳಿಚು, ಹೀಗೇ ಮುಂದುವರಿಯುತ್ತವೆ. ಇಂಕ್ ಬದಲಿಸಿದರೂ ಹೋಗುವುದಿಲ್ಲ.

ಸ್ಕೇಲ್ ತೆಗೆದುಕೊಳ್ಳಿ. ಒಂದು ಗೆರೆಯಿಂದ ಪಕ್ಕದ ಗೆರೆಗೆ ಅಳೆದರೆ ತಪ್ಪುತ್ತದೆ, ಹತ್ತು ಅಂತರ ಅಳೆದು ಹತ್ತರಿಂದ ಭಾಗಿಸಿ. ಈಗ ಸಿಲಿಂಡರಿನ ಕಡೆ ನೋಡಿ. ವ್ಯಾಸ 180 ಮಿ.ಮೀ. ಆದರೆ ಸುತ್ತಳತೆ ಸುಮಾರು 565. ಅದನ್ನು ಗೇರಿನ 72 ಹಲ್ಲಿನಿಂದ ಭಾಗಿಸಿದರೆ 7.85 ಮಿ.ಮೀ. ಹಾಳೆಯಲ್ಲಿ ಹತ್ತು ಅಂತರ 78.5 ಮಿ.ಮೀ. ಬಂದಿದ್ದರೆ ಕಳ್ಳ ಸಿಕ್ಕಿಬಿದ್ದ. ಅದು ಗೇರ್ ಸ್ಟ್ರೀಕ್.

ಆದರೂ ಕೂಡಲೇ ಗೇರು ಬದಲಿಸಲು ಹೊರಡಬೇಡಿ. ಮೊದಲು ಪ್ಯಾಕಿಂಗ್ ನೋಡಿ, ಅಂದರೆ ಪ್ಲೇಟು, ಬ್ಲಾಂಕೆಟ್ಟುಗಳ ಕೆಳಗೆ ಇಡುವ ಹಾಳೆಗಳ ದಪ್ಪ. ಪ್ಲೇಟು ಮತ್ತು ಬ್ಲಾಂಕೆಟ್ಟಿನ ನಡುವಿನ ಒತ್ತು ಸಾಮಾನ್ಯವಾಗಿ 0.1 ಮಿ.ಮೀ. ಸುತ್ತಮುತ್ತ, ಅಂದರೆ ಹೆಚ್ಚುಕಡಿಮೆ ಒಂದು ಮ್ಯಾಪ್‌ಲಿಥೋ ಹಾಳೆಯ ದಪ್ಪ. ಯಾರೋ ಅಚ್ಚು ಗಟ್ಟಿಯಾಗಿ ಬರಲಿ ಅಂತ ಬ್ಲಾಂಕೆಟ್ಟಿನ ಕೆಳಗೆ ಇನ್ನೆರಡು ಹಾಳೆ ತುರುಕಿರುತ್ತಾರೆ. ಆಗ ಎರಡು ಸಿಲಿಂಡರುಗಳ ಮೇಲ್ಮೈ ವೇಗ ಒಂದೇ ಆಗಿರುವುದಿಲ್ಲ. ಮೇಲ್ಮೈ ಒಂದು ಕಡೆ ಎಳೆಯುತ್ತದೆ, ಗೇರು ಇನ್ನೊಂದು ಕಡೆ. ಹಲ್ಲುಗಳ ನಡುವಿನ ಸಡಿಲದಲ್ಲಿ, ಅಂದರೆ ಬ್ಯಾಕ್‌ಲ್ಯಾಶಿನಲ್ಲಿ, ಸಿಲಿಂಡರು ಹಿಂದೆ ಮುಂದೆ ಕುಲುಕುತ್ತದೆ. ಒಂದೊಂದು ಕುಲುಕಿಗೂ ಚುಕ್ಕೆಗಳು ಸ್ವಲ್ಪ ಜಾರಿ ದಪ್ಪವಾಗುತ್ತವೆ, ಗೆರೆ ಮೂಡುತ್ತದೆ. ಮೈಕ್ರೋಮೀಟರಿನಲ್ಲಿ ಪ್ಯಾಕಿಂಗ್ ಅಳೆದು ಮಷೀನಿನ ಕೈಪಿಡಿಯ ಲೆಕ್ಕಕ್ಕೆ ತಂದರೆ ಎಷ್ಟೋ ಸಲ ಗೆರೆ ಹೋಗಿಬಿಡುತ್ತದೆ. ಹೋಗದಿದ್ದರೆ ಆಮೇಲೆ ಗೇರಿನ ಸವೆತ, ಬೇರಿಂಗಿನ ಸಡಿಲ ನೋಡಿ.

ಸಿಲಿಂಡರುಗಳಿಗೆ ನೇರ ಹಲ್ಲಿನ ಗೇರಿಗಿಂತ ಓರೆ ಹಲ್ಲಿನ ಹೆಲಿಕಲ್ ಗೇರು ಹಾಕುವುದೂ ಈ ಕುಲುಕಾಟ ಕಡಿಮೆಯಾಗಲಿ ಅಂತಲೇ. ಒಂದು ಹಲ್ಲು ಪೂರ್ತಿ ಬಿಡುವ ಮೊದಲೇ ಮುಂದಿನದು ಹಿಡಿದಿರುತ್ತದೆ.

ಅಂತರ 7.85ಕ್ಕೆ ಹೊಂದದೆ, ಹಾಳೆಗೆ ಒಂದೇ ಗೆರೆ, ಪ್ರತಿ ಸಲವೂ ಅದೇ ಜಾಗದಲ್ಲಿ ಬಂದರೆ ಗೇರನ್ನು ಬಿಟ್ಟುಬಿಡಿ. ಫಾರ್ಮ್ ರೋಲರ್ (ಪ್ಲೇಟಿಗೆ ಇಂಕು ಹಚ್ಚುವ ರೋಲರ್) ಬಿಗಿಯಾಗಿ ಕೂತು, ಸಿಲಿಂಡರಿನ ಗ್ಯಾಪ್ ದಾಟಿ ಪ್ಲೇಟಿನ ಅಂಚಿಗೆ ಬಡಿದು ಎಗರುತ್ತಿರಬಹುದು. ರೋಲರನ್ನು ಪ್ಲೇಟಿಗೆ ತಾಗಿಸಿ ಇಂಕಿನ ಪಟ್ಟಿಯ ಅಗಲ ನೋಡಿ. ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಅಗಲವಾಗಿದ್ದರೆ ಸಡಿಲಿಸಿ, ಮತ್ತೆ ಅದೇ ಟಿಂಟ್ ಅಚ್ಚು ಹಾಕಿ. ಗೇರಿನ ಕವರ್ ಬಿಚ್ಚಬೇಕಾಗಿ ಬಂದರೆ ಸ್ಟಾಪ್ ಬಟನ್ ಒತ್ತಿದರೆ ಸಾಲದು. ಮೇನ್ ಸ್ವಿಚ್ ಇಳಿಸಿ, ಬೀಗ ಹಾಕಿ, ಕೀಲಿ ನಿಮ್ಮ ಜೇಬಿನಲ್ಲಿ ಇಟ್ಟುಕೊಳ್ಳಿ.